ಹಳೆ ಸ್ಪೋರ್ಟ್ಸ್ ಕಾರಿನ ಫ್ಯಾಕ್ಟರಿ ಎಸಿ ಸರಿಮಾಡುವುದು: ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಹಳೆ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಜಾಸ್ತಿ ಇಲ್ಲ. ಇರುವವರ ದೂರು ಮಾತ್ರ ಹೆಚ್ಚುಕಡಿಮೆ ಒಂದೇ. ಎಂಜಿನ್ ಆಯಿತು, ಪೇಂಟ್ ಆಯಿತು, ಸೀಟಿಗೆ ಲೆದರ್ ಹಾಕಿಸಿದ್ದೂ ಆಯಿತು, ಎಸಿ ಮಾತ್ರ ಆಗಲಿಲ್ಲ. ಎಪ್ರಿಲ್ ತಿಂಗಳ ಸೆಕೆಯಲ್ಲಿ ಪಂಪ್‌ವೆಲ್ ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿಕೊಂಡಾಗ ಒಳಗೆ ಕೂತವರಿಗೆ ಕಾರಿನ ಬ್ರ್ಯಾಂಡ್ ಯಾವುದಾದರೂ ಒಂದೇ.

ಇಲ್ಲಿರುವ ಉತ್ತರಗಳು 1970 ಮತ್ತು 80ರ ದಶಕದ ಕಾರುಗಳಿಗೆ, ಅಂದರೆ ತಂಪು ಮಾಡಲು ಆರ್-12 ಅನ್ನುವ ಗ್ಯಾಸ್ ಬಳಸುತ್ತಿದ್ದ ಕಾಲದ ಎಸಿಗೆ. ಕಂಪನಿಯೇ ಕೊಟ್ಟ ಎಸಿಯನ್ನು ಆದಷ್ಟು ಹಾಗೇ ಉಳಿಸಿಕೊಂಡು ಸರಿಮಾಡುವುದು ಉದ್ದೇಶ.

ಕೂಲಿಂಗ್ ಇಲ್ಲ. ಸುಮ್ನೆ ಗ್ಯಾಸ್ ಹಾಕಿಸಿದರೆ ಸಾಕಲ್ವಾ?

ಸಾಕಾಗುವುದಿಲ್ಲ. ಓಡಿಸಿದಂತೆಲ್ಲ ಗ್ಯಾಸ್ ಖರ್ಚಾಗುವುದಿಲ್ಲ, ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹಾಗೇ ಬಿಟ್ಟು ತುಂಬಿಸಿದರೆ ಹೊಸ ಗ್ಯಾಸೂ ಅದೇ ದಾರಿ ಹಿಡಿಯುತ್ತದೆ. ಇನ್ನೊಂದು ತೊಂದರೆ ಉಂಟು. ಗ್ಯಾಸ್ ಪೂರ್ತಿ ಖಾಲಿಯಾಗಿ ವರ್ಷಗಟ್ಟಲೆ ನಿಂತ ಸಿಸ್ಟಮ್‌ನೊಳಗೆ ನಮ್ಮ ಊರಿನ ತೇವದ ಗಾಳಿ ಹೊಕ್ಕಿರುತ್ತದೆ. ಅದರ ಮೇಲೇ ಗ್ಯಾಸ್ ಹೊಡೆದರೆ ನೀರು ಒಳಗೇ ಉಳಿಯುತ್ತದೆ.

ಮೊದಲು ಫ್ಯಾನ್, ಬ್ಲೋವರ್, ವೈರಿಂಗ್ ನೋಡಬೇಕು. ಆಮೇಲೆ ಲೀಕ್. ಆಮೇಲೆ ಹೊಸ ಡ್ರೈಯರ್ (ಒಳಗಿನ ತೇವ ಹೀರುವ ಡಬ್ಬಿ), ವ್ಯಾಕ್ಯೂಮ್. ಗ್ಯಾಸ್ ಕಟ್ಟಕಡೆಯ ಕೆಲಸ. ಕಾರು ನೋಡುವ ಮುಂಚೆಯೇ ಸಿಲಿಂಡರ್ ಎತ್ತಿಕೊಂಡು ಬರುವವರ ಕೈಗೆ ಹಳೆ ಕಾರು ಕೊಡಬೇಡಿ.

ಮೆಕ್ಯಾನಿಕ್ ಗೇಜ್ ಹಾಕಿ ನೋಡಿದರು. 90 ಪಿಎಸ್‌ಐ ಉಂಟು, ಗ್ಯಾಸ್ ಫುಲ್ ಇದೆ ಅಂದರು. ಸರಿಯಾ?

ಎಂಜಿನ್ ನಿಂತಿದ್ದಾಗಿನ ಪ್ರೆಶರ್‌ನಿಂದ ಗ್ಯಾಸ್ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಇದೆಯೋ ಇಲ್ಲವೋ ಅಂತ ಮಾತ್ರ ಗೊತ್ತಾಗುತ್ತದೆ. 30 ಡಿಗ್ರಿಯಲ್ಲಿ ಆರ್-12 ಸುಮಾರು 93 ಪಿಎಸ್‌ಐ ತೋರಿಸುತ್ತದೆ, ಅದರ ಬದಲಿಗೆ ಈಗ ಹಾಕುವ 134ಎ ಗ್ಯಾಸ್ ಸುಮಾರು 97. ಒಳಗೆ ಒಂದು ಚಮಚ ದ್ರವ ಉಳಿದಿದ್ದರೂ ಅಷ್ಟೇ, ಒಂದು ಕೆಜಿ ಇದ್ದರೂ ಅಷ್ಟೇ. ಪ್ರಮಾಣ ಬೇಕಾದರೆ ಪೂರ್ತಿ ಹೊರತೆಗೆದು ತೂಕ ಮಾಡಿಯೇ ನೋಡಬೇಕು.

ನಮ್ಮಲ್ಲಿ ಬಳ್ಳಾರಿ, ರಾಯಚೂರಿನಷ್ಟು ಬಿಸಿಲಿಲ್ಲ. ಎಸಿಗೆ ಇಲ್ಲಿ ಕೆಲಸ ಕಡಿಮೆ ಅಲ್ವಾ?

ಕಡಿಮೆಯಲ್ಲ, ಜಾಸ್ತಿ. ಇದನ್ನು ಸ್ವಲ್ಪ ಲೆಕ್ಕ ಹಾಕಿಯೇ ಹೇಳಬೇಕು, ಯಾಕೆಂದರೆ ಮುಂದಿನ ಅರ್ಧ ಉತ್ತರಗಳು ಇದರ ಮೇಲೇ ನಿಂತಿವೆ.

ಮಂಗಳೂರಿನ ಒಂದು ಸೆಕೆಯ ಮಧ್ಯಾಹ್ನ 32 ಡಿಗ್ರಿ, ತೇವಾಂಶ ಶೇ. 75 ಅಂತಿಟ್ಟುಕೊಳ್ಳಿ. ಆ ಒಂದು ಕೆಜಿ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. ಅದನ್ನು 10 ಡಿಗ್ರಿಗೆ ಇಳಿಸಿದರೆ ಗಾಳಿ ಹಿಡಿದಿಟ್ಟುಕೊಳ್ಳುವುದು ಏಳೂವರೆ ಗ್ರಾಂ ಮಾತ್ರ. ಉಳಿದ 15 ಗ್ರಾಂ ಕೂಲಿಂಗ್ ಕಾಯಿಲ್ ಮೇಲೆ ನೀರಾಗಿ ಇಳಿಯಬೇಕು. ಆವಿ ನೀರಾಗುವಾಗ ಬಿಡುವ ಶಾಖ ಗ್ರಾಂಗೆ ಸುಮಾರು ಎರಡೂವರೆ ಕಿಲೋಜೂಲ್. ಅಂದರೆ ಬರೀ ನೀರಿಗೆ 37 ಕಿಲೋಜೂಲ್ ಹೋಯಿತು. ಗಾಳಿ ತಂಪು ಮಾಡಲು ಬೇಕಾದದ್ದು 22 ಅಷ್ಟೇ. ಒಟ್ಟು 59.

ಬಳ್ಳಾರಿಯಲ್ಲಿ 38 ಡಿಗ್ರಿ, ತೇವಾಂಶ ಶೇ. 20 ಇದ್ದರೆ? ಅದೇ ಒಂದು ಕೆಜಿ ಗಾಳಿಯನ್ನು 10 ಡಿಗ್ರಿಗೆ ತರಲು ಸುಮಾರು 30 ಕಿಲೋಜೂಲ್ ಸಾಕು. ಅಲ್ಲಿ ನೀರೇ ಇಲ್ಲ.

ಹೊರಗಿನ ಗಾಳಿ ಎಳೆದುಕೊಂಡು ಓಡಿದರೆ ನಮ್ಮ ಎಸಿಗೆ ಹೆಚ್ಚುಕಡಿಮೆ ಎರಡು ಪಾಲು ಕೆಲಸ, ಅದರಲ್ಲೂ ದೊಡ್ಡ ಪಾಲು ನೀರು ಇಳಿಸುವುದಕ್ಕೇ ಹೋಗುತ್ತದೆ. ಹಾಗಾಗಿ ಇಲ್ಲಿ ಒಳಗಿನ ಗಾಳಿಯನ್ನೇ ಸುತ್ತಿಸುವ ರೀಸರ್ಕ್ಯುಲೇಶನ್ ಕಡ್ಡಾಯ. ಬಾಗಿಲಿನ ಬೀಡಿಂಗ್ ಹರಿದಿದ್ದರೆ, ಪೆಡಲ್ ಹತ್ತಿರ ರಬ್ಬರ್ ಗ್ರಾಮೆಟ್ ಇಲ್ಲದೆ ತೂತು ಬಿದ್ದಿದ್ದರೆ, ಹೊರಗಿನ ಫ್ಲ್ಯಾಪ್ ಪೂರ್ತಿ ಮುಚ್ಚದಿದ್ದರೆ ಅದನ್ನು ಎಸಿ ರಿಪೇರಿಯ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ಆರ್-12 ಇನ್ನೂ ಸಿಗುತ್ತದಾ? ಒಬ್ಬರ ಹತ್ತಿರ ಹಳೆ ಸಿಲಿಂಡರ್ ಇದೆಯಂತೆ.

ಓಝೋನ್ ಪದರಕ್ಕೆ ಹಾನಿ ಮಾಡುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಇದಕ್ಕೆ ಕಡಿವಾಣ ಬಿತ್ತು. ಶ್ರೀಮಂತ ದೇಶಗಳಲ್ಲಿ 1995ರ ಕೊನೆಗೆ ತಯಾರಿಕೆ ನಿಂತಿತು. ನಮ್ಮಲ್ಲಿ 2000ದಲ್ಲಿ ಇದಕ್ಕೆ ನಿಯಮ ಬಂತು, 2010ರ ಹೊತ್ತಿಗೆ ಬಳಕೆಯೂ ನಿಂತಿತು. ಈಗ ಯಾರಾದರೂ ಆರ್-12 ಅಂತ ಮಾರಿದರೆ ಒಳಗೆ ಏನಿದೆ ಅಂತ ಹೇಳುವವರು ಯಾರೂ ಇಲ್ಲ. ಬಣ್ಣ ನೋಡಿ ನಂಬುವ ಹಾಗಿಲ್ಲ. ಬಿಟ್ಟುಬಿಡಿ.

ನಿಮ್ಮ ಕಾರಿನಲ್ಲೇ ಇನ್ನೂ ಆರ್-12 ಉಳಿದಿದ್ದರೆ ಅದನ್ನು ಗಾಳಿಗೆ ಬಿಡುವುದು ತಪ್ಪು. ಓಝೋನ್ ವಿಷಯ ಒಂದು ಕಡೆ. ಜೊತೆಗೆ ಭೂಮಿ ಬಿಸಿಯಾಗಿಸುವುದರಲ್ಲಿ ಅದರ ಒಂದು ಕೆಜಿ, ಕಾರ್ಬನ್ ಡೈಆಕ್ಸೈಡ್‌ನ ಸುಮಾರು 10,000 ಕೆಜಿಗೆ ಸಮ. ರಿಕವರಿ ಮೆಷಿನ್ ಇರುವ ಕಡೆಯೇ ತೆಗೆಸಿ.

ಈಗಿನ ದಾರಿ 134ಎ. ಅದರ ಬಳಕೆಯೂ ಮಾಂಟ್ರಿಯಲ್ ಒಪ್ಪಂದದ ಕಿಗಾಲಿ ತಿದ್ದುಪಡಿ ಪ್ರಕಾರ ಇಳಿಯಲಿದೆ. ಭಾರತಕ್ಕೆ 2028ರಿಂದ ಮಿತಿ, 2032ರಿಂದ ಹಂತಹಂತವಾಗಿ ಕಡಿತ. ಇವತ್ತು ರಸ್ತೆಯಲ್ಲಿ ಅದನ್ನೇ ನಂಬಿದ ಕಾರುಗಳು ಎಷ್ಟೋ ಇವೆ, ಹಾಗಾಗಿ ಹಳೆ ಕಾರಿಗೆ ಸದ್ಯ ಅದೇ ಸರಿ.

134ಎ ಹಾಕಿದರೆ ಮೊದಲಿನಷ್ಟು ತಂಪು ಬರುವುದಿಲ್ಲ ಅಂತಾರೆ. ಹೌದಾ?

ಬೇರೆ ಏನೂ ಬದಲಿಸದೆ ಹಾಕಿದರೆ ಹೌದು. ಶಾಖ ಹೊರಗೆ ಬಿಡುವ ಕಂಡೆನ್ಸರ್ 60 ಡಿಗ್ರಿಗೆ ಹೋದಾಗ ಆರ್-12ರ ಪ್ರೆಶರ್ ಸುಮಾರು 206 ಪಿಎಸ್‌ಐ, 134ಎಯದ್ದು 229. ಕೂಲಿಂಗ್ ಕಾಯಿಲ್ ಸೊನ್ನೆ ಡಿಗ್ರಿಯಲ್ಲಿದ್ದಾಗ ಆರ್-12 ಸುಮಾರು 30, 134ಎ 28. ಮೇಲೆ ಜಾಸ್ತಿ, ಕೆಳಗೆ ಕಡಿಮೆ. ಕಂಪ್ರೆಸರಿಗೆ ಎರಡೂ ಕಡೆಯಿಂದ ಹೊರೆ. ಸಿಗ್ನಲಿನಲ್ಲಿ ನಿಂತಾಗ ಇದು ಎದ್ದು ಕಾಣುತ್ತದೆ.

ಪರಿಹಾರ ಕಂಡೆನ್ಸರಿನಲ್ಲಿದೆ, ಗ್ಯಾಸಿನಲ್ಲಿ ಅಲ್ಲ. ಶಾಖ ಹೊರಗೆ ಹೋಗುವ ದಾರಿ ದೊಡ್ಡದು ಮಾಡಿದರೆ 134ಎ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಜನ ಮಾಡುವುದು ಉಲ್ಟಾ. ತಂಪು ಸಾಲದು ಅಂತ ಇನ್ನಷ್ಟು ಗ್ಯಾಸ್ ಹಾಕಿಸುತ್ತಾರೆ, ಪ್ರೆಶರ್ ಇನ್ನೂ ಏರುತ್ತದೆ, ತಂಪು ಇನ್ನೂ ಇಳಿಯುತ್ತದೆ. ಆರ್-12ಕ್ಕೆ ಕಂಪನಿ ಹೇಳಿದ ತೂಕದ ಶೇ. 80ರಿಂದ 90ರಷ್ಟು ಸಾಕು. 80ರಿಂದ ಶುರುಮಾಡಿ, ವೆಂಟಿನ ಥರ್ಮಾಮೀಟರ್ ನೋಡುತ್ತಾ ಸ್ವಲ್ಪ ಸ್ವಲ್ಪವೇ ಸೇರಿಸಿ. ಸೈಟ್ ಗ್ಲಾಸಿನಲ್ಲಿ (ಒಳಗಿನ ಗ್ಯಾಸ್ ನೋಡುವ ಗಾಜಿನ ಕಿಂಡಿ) ಗುಳ್ಳೆ ಹೋಗುವವರೆಗೆ ತುಂಬಿಸುವುದು ಆರ್-12 ಕಾಲದ ಅಭ್ಯಾಸ. 134ಎಯಲ್ಲಿ ಗ್ಯಾಸ್ ಸರಿಯಿದ್ದರೂ ಗುಳ್ಳೆ ಕಾಣಬಹುದು.

ಹಳೆ ಸಿಸ್ಟಮ್‌ಗಳಲ್ಲಿ ಹೈ ಪ್ರೆಶರ್ ಸ್ವಿಚ್ ಇರುವುದು ಕಡಿಮೆ. 134ಎಗೆ ಹೋಗುವಾಗ ಒಂದು ಹಾಕಿಸಲೇಬೇಕು. 400 ಪಿಎಸ್‌ಐ ಹತ್ತಿರ ಹೋದಾಗ ಅದು ಕಂಪ್ರೆಸರಿನ ಕ್ಲಚ್ ಬಿಡಿಸಿ ಕಂಪ್ರೆಸರ್ ನಿಲ್ಲಿಸುತ್ತದೆ. ರೇಡಿಯೇಟರ್ ಫ್ಯಾನ್ ಕೆಟ್ಟ ದಿನ ಪೈಪ್ ಒಡೆಯದಂತೆ ಉಳಿಸುವುದು ಇದೇ.

ಎಣ್ಣೆ ಯಾವುದು ಹಾಕಬೇಕು?

ಹಳೆಯದು ಮಿನರಲ್ ಎಣ್ಣೆ. ಅದು 134ಎ ಜೊತೆ ಬೆರೆಯುವುದಿಲ್ಲ, ಕಂಪ್ರೆಸರಿಗೆ ಸರಿಯಾಗಿ ವಾಪಸ್ ಬರುವುದಿಲ್ಲ. ಹಾಗೇ ಬಿಟ್ಟರೆ ಕಂಪ್ರೆಸರ್ ಒಣಗಿ ಕಚ್ಚಿಕೊಳ್ಳುತ್ತದೆ. ಹೊಸ ಕಾರುಗಳ ಪಿಎಜಿ ಎಣ್ಣೆ ನೀರನ್ನು ವಿಪರೀತ ಹೀರುತ್ತದೆ. ಡಬ್ಬಿ ತೆರೆದಿಟ್ಟರೆ ನಮ್ಮ ಹವೆಯಲ್ಲಿ ಬೇಗ ಹಾಳು. ಪರಿವರ್ತನೆಗೆ ಎಸ್ಟರ್ ಎಣ್ಣೆ ವಾಸಿ. ಹಳೆ ಎಣ್ಣೆಯ ಅಂಶ ಅಲ್ಲಿಲ್ಲಿ ಉಳಿದಿದ್ದರೂ ಸಹಿಸುತ್ತದೆ. ಚಿಕ್ಕ ಡಬ್ಬಿ ತಗೊಳ್ಳಿ, ಉಳಿದದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ.

ಸೋವಿ ಗ್ಯಾಸ್ ಒಂದಿದೆ, ಆರ್-12ಕ್ಕಿಂತ ಚೆನ್ನಾಗಿ ತಂಪು ಮಾಡುತ್ತದೆ ಅಂತ ಒಬ್ಬರು ಹೇಳಿದರು.

ಅದು ಅಡುಗೆ ಗ್ಯಾಸಿನ ಜಾತಿಯದ್ದು, ಪ್ರೊಪೇನ್ ಬ್ಯೂಟೇನ್ ಮಿಶ್ರಣ. ತಂಪು ಮಾಡುವುದು ನಿಜ. ಕೂಲಿಂಗ್ ಕಾಯಿಲ್ ಇರುವುದು ನಿಮ್ಮ ಕಾಲಿನ ಹತ್ತಿರ, ಕಂಡೆನ್ಸರ್ ಇರುವುದು ಮೊದಲು ಗುದ್ದಿಸಿಕೊಳ್ಳುವ ಜಾಗದಲ್ಲಿ. ಕಾರಿನಲ್ಲಿ ಬೇಡ ಮಾರಾಯ್ರೆ.

ಲೀಕ್ ಹುಡುಕುವುದು ಹೇಗೆ? ಹಳೆ ಕಾರಿನಲ್ಲಿ ಎಲ್ಲಿ ಜಾಸ್ತಿ ಸೋರುತ್ತದೆ?

ಮೊದಲು ಕಣ್ಣಿಂದ ನೋಡಿ. ಗ್ಯಾಸಿನ ಜೊತೆ ಎಣ್ಣೆಯೂ ಹೊರಬರುತ್ತದೆ. ಪೈಪಿನ ಜಾಯಿಂಟಿನಲ್ಲಿ, ಕ್ರಿಂಪ್ ಮಾಡಿದ (ಒತ್ತಿ ಬಿಗಿದ) ಕಾಲರಿನ ಕೆಳಗೆ, ಕಂಪ್ರೆಸರಿನ ಮೂತಿಯಲ್ಲಿ ಕಪ್ಪಗೆ ಜಿಡ್ಡು ಕಟ್ಟಿ ಅದರ ಮೇಲೆ ಧೂಳು ಕೂತಿದ್ದರೆ ಲೀಕ್ ಅಲ್ಲೇ. ಕ್ಲಚ್ಚಿನ ಸುತ್ತ ಬಾನೆಟ್ಟಿನ ಅಡಿಗೆ ಎಣ್ಣೆ ಗೆರೆ ಎಳೆದ ಹಾಗೆ ಚಿಮ್ಮಿದ್ದರೆ ಶಾಫ್ಟ್ ಸೀಲ್ ಹೋಗಿದೆ. ಓಡಿಸದೆ ನಿಲ್ಲಿಸಿದ ಕಾರುಗಳಲ್ಲಿ ಇದು ತೀರಾ ಸಾಮಾನ್ಯ.

ಕಣ್ಣಿಗೆ ಕಾಣದ್ದಕ್ಕೆ ಒಣ ನೈಟ್ರೋಜನ್. ರೆಗ್ಯುಲೇಟರ್ ಹಾಕಿ 150 ಪಿಎಸ್‌ಐಗೆ ತುಂಬಿಸಿ, ಎಲ್ಲ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ. ರೆಗ್ಯುಲೇಟರ್ ಇಲ್ಲದೆ ಆ ಸಿಲಿಂಡರ್ ಮುಟ್ಟಲೇಬೇಡಿ, ಒಳಗೆ 2,000 ಪಿಎಸ್‌ಐ ದಾಟಿದ ಪ್ರೆಶರ್ ಇರುತ್ತದೆ. ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇದೆ ಅಂತ ಅದನ್ನು ಬಳಸುವುದಂತೂ ಜೀವಕ್ಕೇ ಅಪಾಯ. ಎಣ್ಣೆ ಮತ್ತು ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟವಾಗುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ. ಅದರಲ್ಲಿರುವ ನೀರನ್ನು ತೆಗೆಯಲು ಇನ್ನೊಂದು ದಿನ ಬೇಕು.

ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಮುಳ್ಳು ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ. ಸಂಜೆ 32 ಡಿಗ್ರಿ ಇದ್ದದ್ದು ಬೆಳಿಗ್ಗೆ 25ಕ್ಕೆ ಬಂದರೆ 150 ಪಿಎಸ್‌ಐ ತಾನಾಗಿಯೇ 146ರ ಹತ್ತಿರ ಬರುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಮತ್ತೆ ನೊರೆ ಹಿಡಿದು ಕೂರಬೇಕು.

ಹೋಸ್ ಪೈಪ್ ಇಲ್ಲೇ ಮಾಡಿಸಬಹುದಾ, ಹೊರಗಿಂದ ತರಿಸಬೇಕಾ?

ಮಾಡಿಸಬಹುದು. ಹಳೆ ಹೋಸುಗಳು ಬರೀ ರಬ್ಬರ್. 134ಎ ಅಣು ಚಿಕ್ಕದು, ರಬ್ಬರಿನ ಗೋಡೆಯಿಂದಲೇ ನಿಧಾನಕ್ಕೆ ಹೊರಗೆ ಹೋಗುತ್ತದೆ. ಒಳಗೆ ನೈಲಾನ್ ಪದರ ಇರುವ ಬ್ಯಾರಿಯರ್ ಹೋಸ್ ಬೇಕು. ಪೋರ್ಷೆ 911 ಥರದ ಕಾರಿನಲ್ಲಂತೂ ಇದು ದೊಡ್ಡ ಕೆಲಸ. ಎಂಜಿನ್, ಕಂಪ್ರೆಸರ್ ಹಿಂದೆ. ಕೂಲಿಂಗ್ ಕಾಯಿಲ್ ಮುಂದೆ. ಒಂದು ಕಂಡೆನ್ಸರ್ ಹಿಂದಿನ ಎಂಜಿನ್ ಮುಚ್ಚಳದ ಅಡಿಗೆ, ಇನ್ನೊಂದು ಮುಂದಿನ ಮೂತಿಯಲ್ಲಿ. ಹೋಸು ಕಾರಿನ ಉದ್ದಕ್ಕೂ ಹೋಗಿ ಬರಬೇಕು. ಉದ್ದ ಜಾಸ್ತಿಯಾದಷ್ಟು ಸೋರುವ ಮೈಯೂ ಜಾಸ್ತಿ.

ಬಂದರು, ಮಲ್ಪೆ ಕಡೆ ಬೋಟಿಗೆ, ಜೆಸಿಬಿಗೆ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡುವವರಿದ್ದಾರೆ. ಕೈ ಒಳ್ಳೆಯದಿರುತ್ತದೆ, ಆದರೆ ಹೈಡ್ರಾಲಿಕ್ ಹೋಸ್ ಒತ್ತುವ ಅಚ್ಚು, ಅಂದರೆ ಡೈ, ಎಸಿ ಹೋಸಿಗೆ ಹೊಂದುವುದಿಲ್ಲ. ಎಸಿ ಹೋಸಿಗೆ ಅದರದ್ದೇ ಫಿಟಿಂಗ್, ಅದರದ್ದೇ ಡೈ ಇದೆಯಾ ಅಂತ ಮೊದಲೇ ಕೇಳಿ. ಹಳೆ ಹೋಸಿನ ತುದಿಯ ಅಲ್ಯುಮಿನಿಯಂ ಅಥವಾ ಸ್ಟೀಲ್ ಬೆಂಡ್‌ಗಳನ್ನು ಎಸೆಯಬೇಡಿ. ಆ ವಕ್ರ ಇನ್ನೆಲ್ಲೂ ಸಿಗುವುದಿಲ್ಲ. ಅದರ ಕಾಲರ್ ಕತ್ತರಿಸಿ ಹೊಸ ಫಿಟಿಂಗ್ ಬ್ರೇಝಿಂಗ್ ಮಾಡಿಸಿದರೆ ನೋಡಲು ಹಳೆಯದೇ, ಒಳಗೆ ಹೊಸದು.

ಎಲ್ಲ ಓ-ರಿಂಗೂ ಬದಲಿಸಿ. ಹಸಿರು ಬಣ್ಣದ ಎಚ್‌ಎನ್‌ಬಿಆರ್ ರಬ್ಬರಿನದ್ದು ತಗೊಳ್ಳಿ, ಕಂಪ್ರೆಸರ್ ಎಣ್ಣೆಯಲ್ಲಿ ಅದ್ದಿ ಕೂರಿಸಿ. ಒಣಗಿದ ಓ-ರಿಂಗ್ ಬಿಗಿ ಮಾಡುವಾಗಲೇ ತಿರುಚಿ ಕಟ್ ಆಗುತ್ತದೆ.

ಹಳೆ ಯಾರ್ಕ್ ಕಂಪ್ರೆಸರ್ ಉಳಿಸಿಕೊಳ್ಳಲಾ, ಹೊಸದು ಹಾಕಲಾ?

ಯಾರ್ಕ್ ಎರಡು ಸಿಲಿಂಡರಿನ, ನೆಟ್ಟಗೆ ನಿಲ್ಲುವ ಪಿಸ್ಟನ್ ಕಂಪ್ರೆಸರ್. ಭಾರ ಜಾಸ್ತಿ, ನಡುಕ ಜಾಸ್ತಿ, ಆದರೆ ಗಟ್ಟಿ ಪಿಂಡ. ತನ್ನದೇ ಎಣ್ಣೆ ತೊಟ್ಟಿ ಇದೆ, ಪ್ಲಗ್ ಬಿಚ್ಚಿ ಕಡ್ಡಿ ಹಾಕಿ ಮಟ್ಟ ನೋಡಬಹುದು. ಜೀಪಿನ ಹುಚ್ಚಿರುವವರು ಇದನ್ನೇ ಟೈರಿಗೆ ಗಾಳಿ ತುಂಬುವ ಕಂಪ್ರೆಸರಾಗಿ ಬಳಸುತ್ತಾರೆ, ಅಷ್ಟು ಬಾಳಿಕೆ. ಶಾಫ್ಟ್ ಸೀಲ್, ಗ್ಯಾಸ್ಕೆಟ್, ರೀಡ್ ವಾಲ್ವ್ ಹಾಕಿಸಿದರೆ ಮತ್ತೆ ಓಡುತ್ತದೆ.

ಕಾರನ್ನು ಪ್ರದರ್ಶನಕ್ಕೆ ತಗೊಂಡು ಹೋಗುವವರಾದರೆ ಯಾರ್ಕ್ ಉಳಿಸಿ. ದಿನಾ ಓಡಿಸುವವರಾದರೆ ಸ್ಯಾಂಡೆನ್ 508 ಥರದ ಐದು ಪಿಸ್ಟನ್ನಿನ ಕಂಪ್ರೆಸರ್ ಸುಖ. ಹಗುರ, ನಡುಕ ಇಲ್ಲ, ಬಿಡಿಭಾಗ ಸಿಗುತ್ತದೆ. ಬ್ರ್ಯಾಕೆಟ್ ಲೇಥಿನಲ್ಲಿ ಮಾಡಿಸಬೇಕು. ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಕೈಗಾರಿಕಾ ವಠಾರಗಳಲ್ಲಿ ಇಂಥ ಕೆಲಸ ಮಾಡುವ ಕೈಗಳಿಗೆ ಬರ ಇಲ್ಲ. ಪುಲ್ಲಿಗಳು ಒಂದೇ ಗೆರೆಯಲ್ಲಿ ಇರಬೇಕು, ಸ್ವಲ್ಪ ಓರೆಯಾದರೂ ಬೆಲ್ಟ್ ಕಿರುಚುತ್ತದೆ. ಮೂಲ ಬ್ರ್ಯಾಕೆಟ್ಟಿಗೆ ತೂತು ಹೊಡೆಯದೆ, ಬೋಲ್ಟ್ ಹಾಕುವ ಹೊಸದನ್ನೇ ಮಾಡಿಸಿ. ಮುಂದೆ ಯಾರಿಗಾದರೂ ಯಾರ್ಕ್ ವಾಪಸ್ ಕೂರಿಸಬೇಕು ಅನಿಸಬಹುದು.

ಯಾವುದೇ ಕಂಪ್ರೆಸರ್ ಆದರೂ ಕ್ಲಚ್ ಗ್ಯಾಪ್ ಫೀಲರ್ ಗೇಜಿನಲ್ಲಿ ನೋಡಿ. ಸ್ಯಾಂಡೆನ್‌ಗೆ 0.4ರಿಂದ 0.8 ಮಿ.ಮೀ. ಗ್ಯಾಪ್ ಜಾಸ್ತಿಯಾದರೆ ಬಿಸಿಯಾದಾಗ ಕ್ಲಚ್ ಕಚ್ಚುವುದಿಲ್ಲ.

ಕಂಡೆನ್ಸರ್ ನೋಡಲು ಚೆನ್ನಾಗಿದೆ. ತೊಳೆದು ಹಾಕಿದರೆ ಆಗುತ್ತದಾ?

ಉಗುರಿನಿಂದ ಫಿನ್ (ಟ್ಯೂಬುಗಳ ನಡುವಿನ ತೆಳು ತಗಡು) ಒತ್ತಿ ನೋಡಿ. ಸಮುದ್ರದ ಹತ್ತಿರ ನಿಂತ ಕಾರಾದರೆ ಬಿಳಿ ಪುಡಿಯಾಗಿ ಉದುರುತ್ತದೆ. ಉಳ್ಳಾಲ, ಪಣಂಬೂರು, ಮಲ್ಪೆ ಕಡೆಯ ಮನೆಗಳ ಕಾರಿನಲ್ಲಿ ಇದು ಜಾಸ್ತಿ. ಉಪ್ಪು ಮೊದಲು ಫಿನ್ ಮತ್ತು ಟ್ಯೂಬ್ ಸೇರುವ ಜಾಗವನ್ನೇ ತಿನ್ನುತ್ತದೆ. ಟ್ಯೂಬು ತೂತಾಗಿರುವುದಿಲ್ಲ, ಆದರೆ ಶಾಖ ಫಿನ್ನಿಗೆ ದಾಟುವುದೇ ಇಲ್ಲ. ಹೊರಗಿಂದ ಎಲ್ಲ ಸರಿ ಕಾಣುತ್ತದೆ, ಕಂಡೆನ್ಸರ್ ಕಡೆಯ (ಹೈ ಸೈಡ್) ಪ್ರೆಶರ್ ಮಾತ್ರ ಇಳಿಯುವುದಿಲ್ಲ.

ಫಿನ್ ಗಟ್ಟಿಯಿದ್ದರೆ ಒಳಗೆ ಫ್ಲಶ್ ಮಾಡಿ, ಹೊರಗೆ ಕಡಿಮೆ ಒತ್ತಡದ ನೀರಿನಲ್ಲಿ ತೊಳೆದು, ಬಾಗಿದ್ದನ್ನು ಫಿನ್ ಬಾಚಣಿಗೆಯಲ್ಲಿ ನೇರ ಮಾಡಿ. ಇಲ್ಲದಿದ್ದರೆ ಅದೇ ಅಳತೆಯ ಪ್ಯಾರಲಲ್ ಫ್ಲೋ (ಸಣ್ಣ ನಾಳಗಳು ಸಾಲಾಗಿರುವ) ಕಂಡೆನ್ಸರ್ ಹಾಕಿ, ತೆಳ್ಳಗೆ ಮ್ಯಾಟ್ ಕಪ್ಪು ಹೊಡೆಯಿರಿ. ಗ್ರಿಲ್ಲಿನ ಹಿಂದೆ ಯಾರಿಗೂ ಗೊತ್ತಾಗುವುದಿಲ್ಲ. 134ಎಯ ಕೊರತೆ ತುಂಬುವುದು ಇದೊಂದರಿಂದಲೇ ಬಹುಪಾಲು ಆಗುತ್ತದೆ. ಪ್ಯಾರಲಲ್ ಫ್ಲೋ ಸೆಕೆಂಡ್ ಹ್ಯಾಂಡ್ ತಗೊಳ್ಳಬೇಡಿ. ಅದರ ಸಣ್ಣ ನಾಳಗಳೊಳಗೆ ಕಸ ಕೂತರೆ ಫ್ಲಶ್‌ಗೆ ಬರುವುದಿಲ್ಲ.

ಫ್ಯಾನ್ ತಿರುಗುವ ದಿಕ್ಕು ನೋಡಿ. ವೈರ್ ಅದಲು ಬದಲಾಗಿ ಉಲ್ಟಾ ತಿರುಗುವ ಫ್ಯಾನ್ ಎಷ್ಟೋ ಕಾರುಗಳಲ್ಲಿರುತ್ತದೆ. ಒಂದು ಕಾಗದ ಹಿಡಿದರೆ ಗೊತ್ತಾಗುತ್ತದೆ.

ಕೂಲಿಂಗ್ ಕಾಯಿಲ್ ಬಿಚ್ಚಲೇಬೇಕಾ? ಡ್ಯಾಶ್‌ಬೋರ್ಡ್ ಮುಟ್ಟಲು ಹೆದರಿಕೆ.

ಬಿಚ್ಚಲೇಬೇಕು. ಹೆದರಿಕೆ ಅರ್ಥವಾಗುತ್ತದೆ. 40 ವರ್ಷದ ಪ್ಲಾಸ್ಟಿಕ್ ಕ್ಲಿಪ್ಪು ಮುಟ್ಟಿದರೆ ಮುರಿಯುತ್ತದೆ. ಪ್ರತಿ ಹೆಜ್ಜೆಗೂ ಫೋಟೋ ತೆಗೆಯಿರಿ, ಸ್ಕ್ರೂಗಳನ್ನು ಬೇರೆ ಬೇರೆ ಕವರಿಗೆ ಹಾಕಿ ಹೆಸರು ಬರೆಯಿರಿ.

ಡಬ್ಬಿ ತೆರೆದರೆ ಏನು ಕಾಣುತ್ತದೆ ಅಂತ ಹೇಳುತ್ತೇನೆ. ಗಾಳಿ ಒಳಬರುವ ಮುಖದಲ್ಲಿ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗೆ ಒಂದು ಪದರ. ಧೂಳು, ಕೂದಲು, ಕಾರ್ಪೆಟ್ಟಿನ ನೂಲು, ಬೀಚಿನ ಗಾಳಿಮರದ ಸೂಜಿ ಎಲೆ, ಎಲ್ಲ ನೆಂದು ಒಣಗಿ ಮತ್ತೆ ನೆಂದು ಅಂಟಿಕೊಂಡಿರುತ್ತದೆ. ಚಾಕುವಿನ ತುದಿಯಿಂದ ಎತ್ತಿದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬರುತ್ತದೆ, ಅದರ ಹಿಂಬದಿಯಲ್ಲಿ ಫಿನ್ನಿನ ಗೆರೆ ಗೆರೆ ಅಚ್ಚು. ಫೋಮ್ ಪಟ್ಟಿ ಮುಟ್ಟಿದಲ್ಲೆಲ್ಲ ಕಪ್ಪು ಪುಡಿ. ಕೆಳಗೆ ನೀರು ಹೋಗುವ ತೂತಿನಲ್ಲಿ ಕಣಜದ ಮಣ್ಣಿನ ಗೂಡು. ಬ್ಲೋವರಿನೊಳಗೆ ಇಲಿ ಸಂಸಾರ ಮಾಡಿದ್ದ ಗುರುತು ಇದ್ದರೂ ಆಶ್ಚರ್ಯ ಬೇಡ.

ಅಂದರೆ ಆ ಕಾರಿನಲ್ಲಿ ಗ್ಯಾಸ್ ಎಷ್ಟು ಹಾಕಿದರೂ ಗಾಳಿಯೇ ದಾಟುತ್ತಿರಲಿಲ್ಲ. ಹಾಗಾಗಿಯೇ ಇದನ್ನು ಗ್ಯಾಸಿಗಿಂತ ಮೊದಲು ಮಾಡಬೇಕು ಅನ್ನುವುದು.

ಕಾಯಿಲ್ ತೊಳೆದು ಬಕೆಟ್ ನೀರಿನಲ್ಲಿ ಮುಳುಗಿಸಿ ನೈಟ್ರೋಜನ್ನಿನಲ್ಲಿ ಲೀಕ್ ನೋಡಿ. ಕಾಯಿಲಿಗೆ ಸಣ್ಣ ತೂತಿನಿಂದ ಗ್ಯಾಸ್ ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವ್ ಹೊಸದು ಹಾಕಿ, ಮತ್ತೆ ಇಷ್ಟು ಬಿಚ್ಚುವ ಧೈರ್ಯ ಯಾರಿಗೂ ಇರುವುದಿಲ್ಲ. ಹೊಸ ಫೋಮ್ ಪಟ್ಟಿ ಅಂಟಿಸಿ, ಗಾಳಿ ಕಾಯಿಲ್ ತಪ್ಪಿಸಿ ಪಕ್ಕದಿಂದ ಹೋಗಬಾರದು. ಡ್ರೈನ್ ಪೈಪಿನಲ್ಲಿ ಒಂದು ಲೋಟ ನೀರು ಹಾಕಿ ಕೆಳಗೆ ಬೀಳುತ್ತದಾ ನೋಡಿ. ಈ ಊರಿನಲ್ಲಿ ಅದು ಕಟ್ಟಿಕೊಂಡರೆ ನೀರು ಕಾರ್ಪೆಟ್ ಅಡಿಗೆ ಹೋಗಿ ಫ್ಲೋರ್ ತುಕ್ಕು ಹಿಡಿಯುತ್ತದೆ. ಆಮೇಲೆ ಎಸಿ ಖರ್ಚಿಗಿಂತ ಟಿಂಕರಿಂಗ್ ಖರ್ಚು ಜಾಸ್ತಿ.

ವ್ಯಾಕ್ಯೂಮ್ ಎಷ್ಟು ಹೊತ್ತು? ಬೆಂಗಳೂರಿನ ಮೆಕ್ಯಾನಿಕ್ 27 ಇಂಚು ಬಂದರೆ ಸಾಕು ಅಂದರು.

ಅವರಿಗೆ ಸಾಕು, ನಮಗೆ ಸಾಲದು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ. ಅಲ್ಲಿನ ಗಾಳಿಯ ಒತ್ತಡವೇ ಸುಮಾರು 27 ಇಂಚು ಪಾದರಸ. ಹಾಗಾಗಿ ಅಲ್ಲಿ ಪೂರ್ತಿ ವ್ಯಾಕ್ಯೂಮ್ ಆದರೂ ಮುಳ್ಳು 27 ದಾಟುವುದಿಲ್ಲ. ನಾವಿರುವುದು ಸಮುದ್ರದ ದಂಡೆಯಲ್ಲಿ. ಇಲ್ಲಿ ಮುಳ್ಳು 29.9ರ ಹತ್ತಿರ ಹೋಗಬೇಕು.

ಈ ಸುಮಾರು ಮೂರು ಇಂಚಿನಲ್ಲೇ ಎಲ್ಲ ಇದೆ. ವ್ಯಾಕ್ಯೂಮ್ ಮಾಡುವುದು ಗಾಳಿ ತೆಗೆಯುವುದಕ್ಕೆ ಮಾತ್ರ ಅಲ್ಲ, ಒಳಗಿನ ನೀರನ್ನು ಕುದಿಸಿ ಆವಿ ಮಾಡಿ ಎಳೆಯುವುದಕ್ಕೆ. ಒತ್ತಡ ಇಳಿದಂತೆ ನೀರು ಕುದಿಯುವ ಬಿಸಿಯೂ ಇಳಿಯುತ್ತದೆ. 30 ಡಿಗ್ರಿಯಲ್ಲಿ ನೀರು ಕುದಿಯಬೇಕಾದರೆ ನಮ್ಮ ಗೇಜಿನಲ್ಲಿ 28.7 ಇಂಚು ಬರಬೇಕು, 25 ಡಿಗ್ರಿಯಾದರೆ 29. ಮಂಗಳೂರಿನಲ್ಲಿ 27ಕ್ಕೆ ನಿಂತರೆ ಪಂಪ್ ಎಷ್ಟು ಗಂಟೆ ಓಡಿದರೂ ನೀರು ಅಲ್ಲೇ ಕೂತಿರುತ್ತದೆ. ಮುಳ್ಳು 27 ದಾಟುತ್ತಿಲ್ಲ ಅಂದರೆ ಪಂಪ್ ಸವೆದಿದೆ, ಪಂಪಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದೆ, ಅಥವಾ ಲೀಕ್ ಇದೆ.

ತೀರಾ ಸಣ್ಣ ಒತ್ತಡ ಅಳೆಯುವ ಮೈಕ್ರಾನ್ ಗೇಜ್ ಇದ್ದವರು 500 ಮೈಕ್ರಾನ್ ಕೆಳಗೆ ಹೋಗಿ. ಪಂಪ್ ಬಂದ್ ಮಾಡಿ ಅರ್ಧ ಗಂಟೆ ಕಾಯಿರಿ. ಒತ್ತಡ ಏರಿ ಏರಿ ಒಂದು ಕಡೆ ನಿಂತರೆ ಒಳಗೆ ನೀರು ಇನ್ನೂ ಇದೆ. ನಿಲ್ಲದೆ ಏರುತ್ತಲೇ ಇದ್ದರೆ ಲೀಕ್. ನೀರು ಇದ್ದರೆ ಒಣ ನೈಟ್ರೋಜನ್ ಸ್ವಲ್ಪ ಬಿಟ್ಟು, ಮತ್ತೆ ಎಳೆದು, ಇನ್ನೊಮ್ಮೆ ಹಾಗೇ ಮಾಡಿ. ಕನಿಷ್ಠ ಒಂದು ಗಂಟೆ ಅನ್ನುವುದು ಒಣ ದಿನದ ಲೆಕ್ಕ. ಮಳೆಗಾಲದಲ್ಲಿ ಅರ್ಧ ದಿನ ಹೋದರೂ ಬೇಸರ ಬೇಡ.

ಡ್ರೈಯರ್ ಮಾತ್ರ ಎಲ್ಲ ಜಾಯಿಂಟ್ ಮುಗಿದ ಮೇಲೆ, ಪಂಪ್ ಪಕ್ಕದಲ್ಲಿ ಸಿದ್ಧವಿರುವಾಗ ಮುಚ್ಚಳ ತೆಗೆಯಿರಿ. ಬೆಳಿಗ್ಗೆ ತೆಗೆದು ಬೆಂಚಿನ ಮೇಲಿಟ್ಟು ಊಟಕ್ಕೆ ಹೋದರೆ, ಬರುವಷ್ಟರಲ್ಲಿ ಅದು ಊರಿನ ನೀರನ್ನೆಲ್ಲ ಕುಡಿದಿರುತ್ತದೆ. 134ಎಗೆ ಎಕ್ಸ್‌ಎಚ್-7 ಅಥವಾ ಎಕ್ಸ್‌ಎಚ್-9 ಹರಳಿನ ಡ್ರೈಯರ್ ಬೇಕು. ಹಳೆ ಆರ್-12 ಡ್ರೈಯರಿನ ಎಕ್ಸ್‌ಎಚ್-5 ಆಗದು.

ಎಸಿ ಇಪ್ಪತ್ತು ನಿಮಿಷ ಚೆನ್ನಾಗಿ ಬರುತ್ತದೆ, ಆಮೇಲೆ ನಿಲ್ಲುತ್ತದೆ. ಬಂದ್ ಮಾಡಿ ಮತ್ತೆ ಹಾಕಿದರೆ ಸರಿ. ಯಾಕೆ?

ಎರಡರಲ್ಲಿ ಒಂದು. ಗಾಳಿಯ ಹರಿವೇ ಕಡಿಮೆಯಾಗುತ್ತಾ ಬಂದರೆ ಕೂಲಿಂಗ್ ಕಾಯಿಲ್ ಮೇಲೆ ಹೊರಗಡೆ ಐಸ್ ಕಟ್ಟಿದೆ. ಥರ್ಮೋಸ್ಟಾಟ್ ಕೆಟ್ಟಿರುತ್ತದೆ, ಅಥವಾ ಅದರ ಕೊಳವೆಯ ತುದಿ ಫಿನ್ನಿನಿಂದ ಹೊರಬಂದಿರುತ್ತದೆ. ನಮ್ಮ ತೇವದಲ್ಲಿ ಐಸ್ ಬೇಗ ಕಟ್ಟುತ್ತದೆ. ಗಾಳಿ ಜೋರಾಗಿಯೇ ಇದ್ದು ಬಿಸಿಯಾಗುತ್ತಿದ್ದರೆ, ಒಳಗಿನ ನೀರು ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ತೂತಿನಲ್ಲಿ ಹೆಪ್ಪುಗಟ್ಟಿ ಗ್ಯಾಸ್ ತಡೆಯುತ್ತಿದೆ. ಅದಕ್ಕೆ ಹೊಸ ಡ್ರೈಯರ್, ಮತ್ತೆ ವ್ಯಾಕ್ಯೂಮ್. ಬೇರೆ ಮದ್ದಿಲ್ಲ.

ಪ್ರೆಶರ್ ಎಲ್ಲ ಸರಿ. ಆದರೂ ಕಾಲಿನ ಹತ್ತಿರ ಬಿಸಿ ಗಾಳಿ.

ಹೀಟರ್! ನಮ್ಮೂರಿನಲ್ಲಿ ಹೀಟರ್ ಯಾರೂ ಹಾಕುವುದಿಲ್ಲ, ಹಾಗಾಗಿ ಅದು ಇದೆ ಅಂತಲೇ ಮರೆತಿರುತ್ತಾರೆ. ನೀರಿನಿಂದ ತಂಪಾಗುವ ಎಂಜಿನ್ನಿನ ಕಾರಿನಲ್ಲಿ ಹೀಟರ್ ವಾಲ್ವ್ ತೆರೆದ ಸ್ಥಿತಿಯಲ್ಲಿ ಕಚ್ಚಿಕೊಂಡಿದ್ದರೆ ತಂಪು ಗಾಳಿಯ ಪಕ್ಕದಲ್ಲೇ 80 ಡಿಗ್ರಿಯ ನೀರು ಹರಿಯುತ್ತಿರುತ್ತದೆ. ಹೀಟರ್ ಹೋಸನ್ನು ಒಂದು ಕ್ಲಾಂಪಿನಲ್ಲಿ ಒತ್ತಿ ಹಿಡಿದು ನೋಡಿ. ವೆಂಟಿನ ಥರ್ಮಾಮೀಟರ್ ತಟ್ಟನೆ ಇಳಿದರೆ ಕಳ್ಳ ಸಿಕ್ಕಿದ. ಹಳೆ 911 ಗಾಳಿಯಿಂದ ತಂಪಾಗುವ ಎಂಜಿನ್. ಅದರ ಹೀಟರ್ ಸೈಲೆನ್ಸರ್ ಕಡೆಯ ಶಾಖವನ್ನು ಒಳಗೆ ತರುತ್ತದೆ. ಅದರ ಫ್ಲ್ಯಾಪುಗಳು ತುಕ್ಕಿನಿಂದ ಪೂರ್ತಿ ಮುಚ್ಚದಿದ್ದರೆ ಎಸಿ ಎಷ್ಟು ಹೊಡೆದರೂ ವ್ಯರ್ಥ.

ವೈರಿಂಗಿನಲ್ಲಿ ಏನು ನೋಡಬೇಕು?

ಕ್ಲಚ್ಚಿಗೆ ಸುಮಾರು 4 ಆಂಪಿಯರ್ ಬೇಕು. ಹಳೆ ಡ್ಯಾಶ್ ಸ್ವಿಚ್ಚಿನ ಮೂಲಕ ಕಳುಹಿಸುವ ಬದಲು ರಿಲೇ ಹಾಕಿ. ಫ್ಯಾನಿಗೂ ಹಾಗೇ. ಜರ್ಮನ್ ಕಾರುಗಳ ಉದ್ದನೆಯ ಪಿಂಗಾಣಿ ಫ್ಯೂಸುಗಳ ತುದಿಗೆ ಉಪ್ಪು ಗಾಳಿಯಿಂದ ಹಸಿರು ಕಟ್ಟುತ್ತದೆ. ಫ್ಯೂಸ್ ಸುಟ್ಟಿರುವುದಿಲ್ಲ, ಕರೆಂಟ್ ಮಾತ್ರ ಹೋಗುವುದಿಲ್ಲ. ಎಮರಿ ಪೇಪರಿನಲ್ಲಿ ಉಜ್ಜಿ, ಹೊಸ ಫ್ಯೂಸ್ ಹಾಕಿ. ಬಾಡಿ ಅರ್ತ್ ಕೂಡ ಬಿಚ್ಚಿ ಉಜ್ಜಿ.

ಎಲ್ಲ ಸರಿಯಾದ ಮೇಲೆ ಎಷ್ಟು ತಂಪು ಬರಬೇಕು?

ಹೊಸ ಕಾರಿನ ಮಟ್ಟ ನಿರೀಕ್ಷೆ ಮಾಡಬೇಡಿ. ಸೆಕೆಯ ದಿನ ಹೆದ್ದಾರಿ 66ರಲ್ಲಿ ಓಡುವಾಗ ನಡುವಿನ ವೆಂಟಿನಲ್ಲಿ 7ರಿಂದ 10 ಡಿಗ್ರಿ ಬಂದರೆ ಒಳ್ಳೆಯ ಕೆಲಸ. ಸಿಗ್ನಲಿನಲ್ಲಿ 12, 13ಕ್ಕೆ ಏರಿದರೆ ತಲೆ ಕೆಡಿಸಿಕೊಳ್ಳಬೇಡಿ. ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯಾ ನೋಡಿ. ತೊಟ್ಟಿಕ್ಕುತ್ತಿದ್ದರೆ ಕಾಯಿಲ್ ಗಾಳಿಯ ನೀರು ಇಳಿಸುತ್ತಿದೆ ಅಂತ ಅರ್ಥ, ಆದರೆ ತಂಪು ಸಾಕಾ ಅಂತ ಹೇಳುವುದು ವೆಂಟಿನ ಅಂಕಿಯೇ.

ಎಸಿ ಹಾಕಿಕೊಂಡು ಘಾಟಿ ಹತ್ತಬಹುದಾ?

ಶಿರಾಡಿ, ಚಾರ್ಮಾಡಿಯಲ್ಲಿ ಲಾರಿ ಹಿಂದೆ ಎರಡನೇ ಗೇರಿನಲ್ಲಿ ಹತ್ತುವಾಗ ಎಂಜಿನ್ನಿಗೆ ಗಾಳಿ ಕಡಿಮೆ, ಹೊರೆ ಜಾಸ್ತಿ. ಟೆಂಪರೇಚರ್ ಮುಳ್ಳು ಏರಿದರೆ ಎಸಿ ಬಂದ್ ಮಾಡಿ. 911ರಲ್ಲಿ ಇನ್ನೂ ಒಂದು ವಿಷಯ. ಹಿಂದಿನ ಕಂಡೆನ್ಸರ್ ದಾಟಿದ ಬಿಸಿ ಗಾಳಿಯನ್ನೇ ಎಂಜಿನ್ ಫ್ಯಾನ್ ಎಳೆದುಕೊಳ್ಳುತ್ತದೆ. ಘಾಟಿ ಮೇಲೆ ಹೋದರೆ ಹೇಗೂ ಹವೆ ತಂಪು.

ಯಾವ ತಿಂಗಳಲ್ಲಿ ಈ ಕೆಲಸ ಹಿಡಿಯಬೇಕು?

ಡಿಸೆಂಬರಿನಿಂದ ಫೆಬ್ರವರಿ. ಹವೆ ಆಗ ಇದ್ದುದರಲ್ಲಿ ಒಣ. ಸೆಕೆ ಶುರುವಾದ ಮೇಲೆ ಎಸಿ ಅಂಗಡಿಗಳಲ್ಲಿ ಸಾಲು, ಯಾರಿಗೂ ಪುರುಸೊತ್ತಿಲ್ಲ. ಜೂನ್ ಬಂದ ಮೇಲೆ ಪೈಪ್ ತೆರೆದಿಡುವ ಕೆಲಸವೇ ಬೇಡ.

ಮಳೆಗಾಲದಲ್ಲಿ ಕಾರು ಹೊರಗೆ ತೆಗೆಯುವುದಿಲ್ಲ. ಎಸಿಗೆ ಏನಾದರೂ ಮಾಡಬೇಕಾ?

ವಾರಕ್ಕೊಮ್ಮೆ ಎಂಜಿನ್ ಬಿಸಿಯಾದ ಮೇಲೆ ಹತ್ತು ನಿಮಿಷ ಎಸಿ ಓಡಿಸಿ. ಎಣ್ಣೆ ಸುತ್ತಿದರೆ ಶಾಫ್ಟ್ ಸೀಲ್ ಒಣಗುವುದಿಲ್ಲ. ಬಂದ್ ಮಾಡುವ ಮುಂಚೆ ಎಸಿ ಸ್ವಿಚ್ ಆಫ್ ಮಾಡಿ ಬ್ಲೋವರ್ ಮಾತ್ರ ಐದು ನಿಮಿಷ ಬಿಡಿ, ಕಾಯಿಲ್ ಒಣಗುತ್ತದೆ. ಕಾರಿನೊಳಗಿನ ಹುಳಿ ವಾಸನೆ ಬಹುತೇಕ ಅಲ್ಲೇ ಹುಟ್ಟುವುದು. ಗ್ಯಾರೇಜ್ ಬಾಗಿಲು ತೆರೆದಿಟ್ಟು ಮಾಡಿ, ಸೈಲೆನ್ಸರ್ ಹೊಗೆ ಒಳಗೆ ಕಟ್ಟಬಾರದು.

ಇಷ್ಟೆಲ್ಲ ಬದಲಿಸಿದರೆ ಕಾರಿನ ಬೆಲೆ ಹೋಗುವುದಿಲ್ವಾ? ದಾಖಲೆಗೆ ತೊಂದರೆ?

50 ವರ್ಷ ದಾಟಿದ ಕಾರನ್ನು ವಿಂಟೇಜ್ ಆಗಿ ನೋಂದಾಯಿಸುವ 2021ರ ನಿಯಮ ಚಾಸಿ, ಬಾಡಿ, ಎಂಜಿನ್ ಬದಲಾಗಿರಬಾರದು ಅನ್ನುತ್ತದೆ. ಹೋಸು, ಡ್ರೈಯರ್ ಅದರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕಂಡೆನ್ಸರ್ ಕೂರಿಸಲು ಬಾಡಿ ಶೀಟ್ ಕತ್ತರಿಸುವುದು, ಡ್ಯಾಶಿಗೆ ಹೊಸ ವೆಂಟ್ ಕೊರೆಯುವುದು ಮಾಡಲೇಬೇಡಿ. ಕೊಳ್ಳುವವರು ಮೊದಲು ನೋಡುವುದು ಅದನ್ನೇ. ಮಾರುಕಟ್ಟೆಯಲ್ಲಿ ಸಿಗುವ ರೆಡಿ ಎಸಿ ಕಿಟ್ ಹಾಕಿಸಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ನನ್ನ ಪ್ರಕಾರ ಫ್ಯಾಕ್ಟರಿ ಡಬ್ಬಿ, ಫ್ಯಾಕ್ಟರಿ ಗುಂಡಿಗಳು ಇರುವ ಕಾರಿಗೆ ಅದು ಬೇಡ.

ಬಿಚ್ಚಿದ ಮೂಲ ಸಾಮಾನನ್ನು ಗುಜರಿಗೆ ಹಾಕಬೇಡಿ. ಕಂಪ್ರೆಸರಿನ ಬಾಯಿಗೆ ಎಣ್ಣೆ ಹಾಕಿ, ಪ್ಲಗ್ ಬಿಗಿದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದಲ್ಲಿಡಿ. ಬಾನೆಟ್ ಒಳಗೆ ಒಂದು ಸ್ಟಿಕ್ಕರ್ ಅಂಟಿಸಿ: ಈಗ ಇರುವ ಗ್ಯಾಸ್ ಯಾವುದು, ಎಷ್ಟು ಗ್ರಾಂ, ಎಣ್ಣೆ ಯಾವುದು, ಮಾಡಿದ ತಾರೀಕು. ಸರ್ವಿಸ್ ನಳಿಗೆಗೆ 134ಎಯ ಕ್ವಿಕ್ ಕಪ್ಲರ್ ಹಾಕಿಸಿ, ಹಳೆ ಚೂಡಿಯ ನಳಿಗೆ ಹಾಗೇ ಬಿಟ್ಟರೆ ಮುಂದಿನ ಮೆಕ್ಯಾನಿಕ್ ಆರ್-12 ಕಾರು ಅಂತಲೇ ತಿಳಿದುಕೊಳ್ಳುತ್ತಾನೆ.